ಡಿಯರ್‌ಬಾರ್ನ್‌ನ ಲೆಬನಾನಿ ಬೇಕರಿ: ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬ ತಿನ್ನುವ ಕ್ರಮ

ಡೆಟ್ರಾಯಿಟ್ ಕಡೆಗೆ ಹೊಸದಾಗಿ ಬಂದ ಕನ್ನಡದವರು ಸಿಕ್ಕರೆ ಮೊದಲು ಕೇಳುವುದು ಇಂಡಿಯನ್ ಅಂಗಡಿ ಎಲ್ಲಿದೆ ಅಂತ. ಆಮೇಲೆ ದೋಸೆ ಎಲ್ಲಿ ಚೆನ್ನಾಗಿರುತ್ತದೆ ಅಂತ. ಎರಡಕ್ಕೂ ಕ್ಯಾಂಟನ್, ನೋವೈ, ಟ್ರಾಯ್ ಕಡೆ ಉತ್ತರ ಇದೆ. ಅವರು ಕೇಳದಿದ್ದರೂ ನಾನು ಇನ್ನೊಂದು ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಮನೆಯಲ್ಲಿ ತಿಂಡಿ ಮಾಡಬೇಡಿ. ಖಾಲಿ ಹೊಟ್ಟೆಯಲ್ಲಿ ಡಿಯರ್‌ಬಾರ್ನ್‌ಗೆ ಹೋಗಿ, ವಾರನ್ ಅವೆನ್ಯೂ ಮೇಲಿರುವ ಯಾವುದಾದರೂ ಲೆಬನಾನಿನವರ ಬೇಕರಿಗೆ ನುಗ್ಗಿ. ನ್ಯೂ ಯಾಸ್ಮೀನ್ ಅಂತ ಒಂದಿದೆ, ಅದರಿಂದಲೇ ಶುರು ಮಾಡಬಹುದು. ಆ ರಸ್ತೆಯಲ್ಲಿ ಇನ್ನೂ ಬೇಕಾದಷ್ಟಿವೆ.

ನಾನು ತಿಪಟೂರಿನವಳು, ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ನಮ್ಮ ಮನೆಯವರು ಎಲ್ಲ ತಿನ್ನುತ್ತಾರೆ. ಮಗನಿಗೆ ಚೀಸ್ ಇದ್ದರೆ ಸಾಕು. ಬೇಸಿಗೆಗೆ ಊರಿಂದ ಬರುವ ನಮ್ಮತ್ತೆಗೆ ಕೆಲವು ದಿನ ಬೆಳ್ಳುಳ್ಳಿ ಕೂಡ ಆಗುವುದಿಲ್ಲ. ಇಂಥ ನಾಲ್ಕು ಜನ ಒಂದೇ ಮೇಜಿಗೆ ಕೂತು, ಯಾರೂ ಮುಖ ಸಿಂಡರಿಸದೆ, 30 ಡಾಲರ್ ಒಳಗೆ ತಿಂದು ಏಳುವ ಜಾಗ ಈ ಸೀಮೆಯಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಬೆಲೆ ಯಾಕೆ ಕಡಿಮೆ ಅಂತ ಗೊತ್ತಿದ್ದರೆ ಒಳ್ಳೆಯದು. ಕಾರಿನ ಕಂಪನಿಗಳ ಕೆಲಸಕ್ಕೆ ನಾವು ಬಂದಿದ್ದು ಮೊನ್ನೆ ಮೊನ್ನೆ. ಲೆಬನಾನಿನವರು ಬಂದು ನೂರು ವರ್ಷದ ಮೇಲಾಯಿತು. 1914ರಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಸಂಬಳ ಅಂತ ಸಾರಿದ್ದೇ, ಎಲ್ಲೆಲ್ಲಿಂದಲೋ ಜನ ಇಲ್ಲಿಗೆ ಬಂದರು. ಅವರಲ್ಲಿ ಲೆಬನಾನಿನವರೂ ಇದ್ದರು. ಆಮೇಲೆ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್‌ನ ರೂಜ್ ಕಾರ್ಖಾನೆ ದೊಡ್ಡದಾದಂತೆ ಅದರ ಪಕ್ಕದಲ್ಲೇ ಮನೆ ಮಾಡಿದರು. 1975ರಿಂದ 1990ರವರೆಗೆ ಲೆಬನಾನಿನಲ್ಲಿ ಅಂತರ್ಯುದ್ಧ. ಆಗ ದಕ್ಷಿಣದ ಬಿಂತ್ ಜ್ಬೇಲ್‌ನಂಥ ಊರುಗಳಿಂದ ಇನ್ನಷ್ಟು ಜನ ಬಂದು ಸೇರಿಕೊಂಡರು. 2020ರ ಜನಗಣತಿಯಲ್ಲಿ ಡಿಯರ್‌ಬಾರ್ನ್‌ನ ಅರ್ಧಕ್ಕಿಂತ ಜಾಸ್ತಿ ಜನ ಮಧ್ಯಪ್ರಾಚ್ಯ, ಉತ್ತರ ಆಫ್ರಿಕಾ ಮೂಲದವರು. ಅಂದರೆ ಈ ಬೇಕರಿಗಳು ನಡೆಯುವುದು ನನ್ನಂಥ ಶನಿವಾರದ ಗಿರಾಕಿಗಳಿಂದಲ್ಲ, ದಿನಾ ಬ್ರೆಡ್ ಒಯ್ಯುವ ಅಕ್ಕಪಕ್ಕದ ಮನೆಗಳಿಂದ. ದಿನಾ ಬರುವವರ ಹತ್ತಿರ ಬೆಲೆ ಏರಿಸಿ ಉಳಿಯಲು ಆಗುತ್ತದಾ?

ಮೊದಲು ಒಲೆ, ಆಮೇಲೆ ಅಂಗಡಿ

ಒಳಗೆ ಹೋದ ತಕ್ಷಣ ಗಾಬರಿಯಾಗುತ್ತದೆ. ಒಂದು ಕಡೆ ಒಲೆ, ಒಂದು ಕಡೆ ಗಾಜಿನ ಪೆಟ್ಟಿಗೆಯಲ್ಲಿ ತಣ್ಣನೆಯ ಪದಾರ್ಥ, ಇನ್ನೊಂದು ಕಡೆ ದಿನಸಿ, ಮಧ್ಯದಲ್ಲಿ ಸಿಹಿ. ಒಂದೇ ಸೂರಿನಡಿ ಮೂರು ನಾಲ್ಕು ಅಂಗಡಿ. ಹೊಸಬರು ಕಣ್ಣಿಗೆ ಬಿದ್ದ ಸಿಹಿಯ ಮುಂದೆ ನಿಂತುಬಿಡುತ್ತಾರೆ. ಹಾಗೆ ಮಾಡಬೇಡಿ. ನೇರ ಒಲೆಯ ಕೌಂಟರಿಗೆ ಹೋಗಿ ಮನೂಶೆ ಹೇಳಿ. ಜನ ಇದ್ದರೆ ಅದು ಬರಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ದಿನಸಿ ಮುಗಿಸಿ. ಮೊಸರು, ಹಮ್ಮಸ್, ಚೀಸ್ ಥರದ ತಣ್ಣನೆಯದನ್ನೆಲ್ಲ ಕೊನೆಗೆ, ಬಿಲ್ ಹಾಕಿಸುವ ಮುಂಚೆ ತೂಗಿಸಿ. ಬೇಸಿಗೆಯಲ್ಲಿ ಕಾರಿನಲ್ಲಿ ಒಂದು ಐಸ್ ಚೀಲ ಇಟ್ಟಿರಿ.

ಮನೂಶೆ ಅಂದರೆ ಮೇಲೆ ಏನಾದರೂ ಸವರಿ ಸುಟ್ಟ ತೆಳು ರೊಟ್ಟಿ. ಲೆಬನಾನಿನ ಬೆಳಗಿನ ತಿಂಡಿ ಇದೇ. 2023ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೂ ಇದನ್ನು ಸೇರಿಸಿತು. ನನಗೆ ಅದಕ್ಕಿಂತ ಖುಷಿ ಕೊಡುವುದು ಮಾಡುವುದನ್ನು ನೋಡುವುದು. ಕೌಂಟರಿನ ಎಡಗಡೆ ತುದಿಯಲ್ಲಿ ನಿಂತರೆ ಎಲ್ಲ ಕಾಣುತ್ತದೆ. ಹುಡುಗ ಹಿಟ್ಟಿನ ಉಂಡೆಯನ್ನು ತಟ್ಟಿ ಅಗಲ ಮಾಡುತ್ತಾನೆ. ಹತ್ತೂ ಬೆರಳಿನ ತುದಿಯಿಂದ ಅದರ ಮೇಲೆಲ್ಲ ಗುಳಿ ಒತ್ತುತ್ತಾನೆ. ಗುಳಿ ಇಲ್ಲದಿದ್ದರೆ ರೊಟ್ಟಿ ಪೂರಿ ಥರ ಉಬ್ಬಿ ಮೇಲೆ ಹಾಕಿದ್ದೆಲ್ಲ ಬದಿಗೆ ಜಾರುತ್ತದೆ. ಆಮೇಲೆ ಪಾತ್ರೆಯಿಂದ ಒಂದು ಸೌಟು ಜಾತರ್ ಸುರಿದು, ಸೌಟಿನ ಬೆನ್ನಿನಿಂದಲೇ ಸುತ್ತ ಸವರುತ್ತಾನೆ. ಜಾತರ್ ಅಂದರೆ ಒಣಗಿಸಿದ ಒಂದು ಪರಿಮಳದ ಸೊಪ್ಪು, ಎಳ್ಳು, ಹುಳಿಯ ಸುಮಾಕ್ ಪುಡಿ, ಉಪ್ಪು. ಇದನ್ನು ಎಣ್ಣೆಯಲ್ಲಿ ಕಲಸಿರುತ್ತಾರೆ. ಉದ್ದ ಹಿಡಿಯ ಮರದ ಹಲಗೆಯಿಂದ ರೊಟ್ಟಿ ಒಲೆಗೆ ಹೋಗುತ್ತದೆ. ಮೂರು ನಾಲ್ಕು ನಿಮಿಷ, ಅಷ್ಟೇ. ಅಂಚು ಕಂದು ಬಣ್ಣ, ನಡುವೆ ಎಣ್ಣೆ ಇನ್ನೂ ಕುದಿಯುತ್ತಿರುತ್ತದೆ. ಮಡಚಿ ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾನೆ.

ಹೇಳುವಾಗ ಎರಡು ವಿಷಯ ನೆನಪಿರಲಿ. ಒಂದು, ಒಳಗೆ ತರಕಾರಿ ಹಾಕಿ ಅಂತ ಕೇಳಿ. ಟೊಮೆಟೊ, ಸೌತೆಕಾಯಿ, ಪುದೀನ, ಆಲಿವ್ ಇಟ್ಟು ಸುತ್ತಿ ಕೊಡುತ್ತಾರೆ. ಸ್ವಲ್ಪ ದುಡ್ಡು ಜಾಸ್ತಿ ತಗೋಬಹುದು, ಆದರೆ ಅದು ತಿಂಡಿಯಿಂದ ಊಟವಾಗುತ್ತದೆ. ಬಾಯಿ ಒಣಗುವುದೂ ಇಲ್ಲ. ಎರಡು, ಜಾತರ್ ಬೇಕಾ ಚೀಸ್ ಬೇಕಾ ಅಂತ ಒದ್ದಾಡುವವರು ಕಾಕ್‌ಟೇಲ್ ಅಂತ ಹೇಳಿ. ಅರ್ಧ ಜಾತರ್, ಅರ್ಧ ಚೀಸ್ ಬರುತ್ತದೆ. ಹೆಸರು ಕೇಳಿ ನಮ್ಮತ್ತೆ ಗಾಬರಿಯಾಗಿದ್ದರು. ಅದರಲ್ಲಿ ಮದ್ಯ ಇಲ್ಲ. ಈ ಊರಿನ ಬಹುಪಾಲು ಬೇಕರಿಗಳಲ್ಲಿ ಮದ್ಯವನ್ನೂ ಮಾರುವುದಿಲ್ಲ, ಹಂದಿ ಮಾಂಸವನ್ನೂ ಮಾರುವುದಿಲ್ಲ.

ಸಸ್ಯಾಹಾರಿಗಳು ಎಲ್ಲಿ ಹುಷಾರಾಗಿರಬೇಕು

ಜಾತರ್ ಮನೂಶೆಯಲ್ಲಿ ಸಾಮಾನ್ಯವಾಗಿ ಬೆಳ್ಳುಳ್ಳಿ, ಈರುಳ್ಳಿ, ಹಾಲು ಯಾವುದೂ ಇರುವುದಿಲ್ಲ. ಮಡಿಯವರಿಗೂ ವೀಗನ್ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಆಮೇಲೆ ಫತಾಯರ್. ಪಾಲಕ್ ಸೊಪ್ಪಿಗೆ ಈರುಳ್ಳಿ, ನಿಂಬೆ, ಸುಮಾಕ್ ಹಾಕಿ ತುಂಬಿದ ತ್ರಿಕೋನದ ಬನ್ನು. ತಣ್ಣಗಾದರೂ ಚೆನ್ನಾಗಿರುತ್ತದೆ, ಹುಳಿ ಇನ್ನೂ ಏರುತ್ತದೆ. ಸೋಮವಾರದ ಡಬ್ಬಿಗೆ ಡಜನ್ ಲೆಕ್ಕದಲ್ಲಿ ತಗೊಳ್ಳಿ. ಆದರೆ ಅದೇ ತಟ್ಟೆಯ ಪಕ್ಕದಲ್ಲಿ ಅದೇ ಆಕಾರದ ಮಾಂಸದ ಫತಾಯರ್ ಕೂತಿರುತ್ತದೆ. ಬೆರಳು ತೋರಿಸಿ ಸುಮ್ಮನಾಗಬೇಡಿ, ಬಾಯಿ ಬಿಟ್ಟು ಪಾಲಕ್ ಅಂತ ಹೇಳಿ. ಇಂಗ್ಲಿಷ್ ಧಾರಾಳ ಸಾಕು.

ಮೋಸ ಹೋಗುವುದು ಮಾಂಸ ಕಾಣದ ಪದಾರ್ಥದಲ್ಲಿ. ಕೆಂಪು ಬೇಳೆಯ ಸೂಪು ನಮ್ಮ ಬೇಳೆ ಕಟ್ಟಿನ ಹಾಗೇ ಕಾಣುತ್ತದೆ, ಕೆಲವು ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುತ್ತಾರೆ. ಶಾವಿಗೆ ಹಾಕಿದ ಅನ್ನಕ್ಕೂ ಅದೇ ಮಾತು. ಫಲಾಫೆಲ್ ಕಾಳು ರುಬ್ಬಿ ಕರಿದ ವಡೆ, ಆದರೆ ಅದೇ ಎಣ್ಣೆಯಲ್ಲಿ ಕಿಬ್ಬೆಯನ್ನೂ, ಅಂದರೆ ಮಾಂಸ ಮತ್ತು ಗೋಧಿ ನುಚ್ಚಿನ ಉಂಡೆಯನ್ನೂ ಕರಿಯಬಹುದು. ದ್ರಾಕ್ಷಿ ಎಲೆಯ ಸುರುಳಿ ಎರಡು ಥರ: ಬಿಸಿ ತಟ್ಟೆಯಲ್ಲಿರುವುದು ಸಾಮಾನ್ಯವಾಗಿ ಮಾಂಸದ್ದು, ತಣ್ಣಗಿಟ್ಟಿರುವುದು ಅಕ್ಕಿ ಟೊಮೆಟೊದ್ದು. ಬಿಳಿ ಬೆಣ್ಣೆಯಂತೆ ಕಾಣುವ ತೂಮ್ ಬರೀ ಬೆಳ್ಳುಳ್ಳಿ, ಎಣ್ಣೆ, ನಿಂಬೆ, ಉಪ್ಪು ಆಗಿರಬೇಕು. ಕೆಲವರು ಮೊಟ್ಟೆಯ ಬಿಳಿ ಸೇರಿಸುತ್ತಾರೆ. ಕಿಷ್ಕ್ ಅಂತ ಹುಳಿ ಬಂದ ಮೊಸರು ಮತ್ತು ಗೋಧಿ ನುಚ್ಚಿನ ಪುಡಿ ಇದೆ, ಅದನ್ನೂ ಮನೂಶೆ ಮೇಲೆ ಸವರುತ್ತಾರೆ. ಹುಳಿ ಇಷ್ಟ ಇರುವವರು ಬಿಡಲೇಬಾರದು, ಮಾಂಸ ಬೆರೆಸಿದ್ದೀರಾ ಅಂತ ಮಾತ್ರ ಮೊದಲು ಕೇಳಿ. ಚೀಸ್ ವಿಷಯದಲ್ಲಿ ಹಾಲು ಒಡೆಯಲು ಹಾಕುವ ಕರುವಿನ ಹೊಟ್ಟೆಯ ರೆನೆಟ್ ಬೇಡ ಅನ್ನುವವರು ಪೊಟ್ಟಣದ ಹಿಂದೆ ಓದಿ. ಓದಲು ಸಿಗದಿದ್ದರೆ ಲಬ್ನೆ ತಗೊಳ್ಳಿ. ಅದು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು, ರೆನೆಟ್ಟಿನ ಗೊಡವೆಯೇ ಇಲ್ಲ.

ಎಣ್ಣೆಯಲ್ಲಿ ಮಾಡಿದ್ದು ಅಂತ ಹೆಸರಿನ ಕೊನೆಗೆ ‘ಬಿ ಜೇತ್’ ಇದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಲೂಬಿಯೆ ಬಿ ಜೇತ್ ಅಂದರೆ ಟೊಮೆಟೊದಲ್ಲಿ ಮೆತ್ತಗೆ ಬೇಯಿಸಿದ ಹುರುಳಿಕಾಯಿ. ಹೀಗೇ ಬೆಂಡೆಕಾಯಿಯದೂ ಇರುತ್ತದೆ.

ಮಾಂಸ ತಿನ್ನುವವರ ಬಗ್ಗೆ ನಾನು ಹೆಚ್ಚು ಹೇಳುವ ಹಾಗಿಲ್ಲ. ನಮ್ಮ ಮನೆಯವರ ಆಯ್ಕೆ ಲಹಮ್ ಬಿ ಅಜೀನ್, ತೆಳುವಾಗಿ ಕೈಮಾ ಸವರಿ ಸುಟ್ಟ ರೊಟ್ಟಿ. ನಿಂಬೆ ಹಿಂಡಿ, ಉಪ್ಪಿನಕಾಯಿ ಇಟ್ಟು ಸುರುಳಿ ಸುತ್ತಿ ತಿನ್ನಬೇಕಂತೆ. ಕಿಬ್ಬೆ ನಯ್ಯೆ ಅಂತ ಇದ್ದರೆ ಅದು ಹಸಿ ಮಾಂಸ, ಗೊತ್ತಿದ್ದು ತಗೊಳ್ಳಿ.

ದಿನಸಿ ಸಾಲು

ಇಲ್ಲಿ ನಾನು ಜಾಸ್ತಿ ಹೊತ್ತು ಕಳೆಯುತ್ತೇನೆ. ಮನೂಶೆ ತಣ್ಣಗಾಯಿತು ಅಂತ ಮಗ ಬಂದು ಕರೆಯಬೇಕು.

ಮೊದಲು ತರಕಾರಿ. ಬೆರಳುದ್ದದ ಎಳೆ ಬದನೆಕಾಯಿ ನೋಡಿ. ಅವರು ಅದನ್ನು ಬೇಯಿಸಿ, ವಾಲ್‌ನಟ್ ಬೆಳ್ಳುಳ್ಳಿ ತುಂಬಿ, ಎಣ್ಣೆಯಲ್ಲಿ ಮುಳುಗಿಸಿ ಮಕ್ದೂಸ್ ಅನ್ನುವ ಉಪ್ಪಿನಕಾಯಿ ಹಾಕುತ್ತಾರೆ. ನೀವು ಎಣ್ಣೆಗಾಯಿ ಮಾಡಿ. ಅಮೆರಿಕನ್ ಸೂಪರ್ ಮಾರ್ಕೆಟ್ಟಿನ ಕುಂಬಳಕಾಯಿ ಗಾತ್ರದ ಬದನೆಯಲ್ಲಿ ಎಣ್ಣೆಗಾಯಿ ಆಗುವುದಿಲ್ಲ, ಅಲ್ವಾ. ಪುದೀನ, ಪಾರ್ಸ್ಲಿ, ಕೊತ್ತಂಬರಿ ದಪ್ಪ ದಪ್ಪ ಕಟ್ಟು. ಪಾರ್ಸ್ಲಿ, ಕೊತ್ತಂಬರಿ ಎರಡೂ ಅಕ್ಕಪಕ್ಕ ಇರುತ್ತವೆ, ಒಂದು ಎಲೆ ಉಜ್ಜಿ ಮೂಸಿ ತಗೊಳ್ಳಿ. ಚಿಕ್ಕ ಸೌತೆಕಾಯಿಗೆ ಕಹಿ ಇಲ್ಲ, ಸಿಪ್ಪೆ ತೆಗೆಯುವುದೂ ಬೇಡ. ಕಾಲ ಸರಿಯಾಗಿದ್ದರೆ ಹಸಿ ಕಡಲೆಕಾಯಿ ಸಿಗುತ್ತದೆ. ನೆಲಗಡಲೆ ಅಲ್ಲ, ಗಿಡದಿಂದ ಕಿತ್ತ ಹಸಿರು ಕಡಲೆ, ಸಿಪ್ಪೆ ಸಮೇತ. ಒಮ್ಮೆ ನಮ್ಮತ್ತೆ ಅದನ್ನು ಕಂಡು ತಳ್ಳುಗಾಡಿ ಬಿಟ್ಟು ಅಲ್ಲೇ ಆರಿಸಲು ನಿಂತರು. ಅಂಗಡಿಯವನು ‘ಹಜ್ಜೆ, ಹಜ್ಜೆ’ ಅಂತ ಕರೆದು ಚೀಲ ಕೊಟ್ಟ. ದೊಡ್ಡ ವಯಸ್ಸಿನ ಹೆಂಗಸರನ್ನು ಅವರು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ.

ಗೋಧಿ ನುಚ್ಚು, ಅವರ ಬುಲ್ಗುರ್, 1ರಿಂದ 4ರವರೆಗೆ ನಂಬರಿನಲ್ಲಿ ಬರುತ್ತದೆ. 1 ಸಣ್ಣದು, ತಬ್ಬೂಲೆ ಸಾಲಡ್ಡಿಗೆ, ಕಿಬ್ಬೆಗೆ. ಉಪ್ಪಿಟ್ಟಿಗೆ 3 ತಗೊಳ್ಳಿ. ಗೋಧಿಯನ್ನು ಮೊದಲೇ ಬೇಯಿಸಿ ಒಣಗಿಸಿ ಒಡೆದಿರುತ್ತಾರೆ, ಹಾಗಾಗಿ ರವೆಯಂತೆ ಹುರಿಯುವ ಕೆಲಸ ಇಲ್ಲ. ಒಗ್ಗರಣೆ, ಈರುಳ್ಳಿ, ಹಸಿಮೆಣಸು, ಒಂದು ಲೋಟಕ್ಕೆ ಎರಡು ಲೋಟ ನೀರು, ಸಣ್ಣ ಉರಿಯಲ್ಲಿ ಮುಚ್ಚಿಡಿ. ಗಂಟು ಕಟ್ಟುವುದಿಲ್ಲ. ಸಕ್ಕರೆ ಕಾಯಿಲೆಯ ನೆಂಟರು ಬಂದರೆ ನಮ್ಮನೆಯಲ್ಲಿ ಇದೇ ಉಪ್ಪಿಟ್ಟು.

ಜಾತರ್ ಪುಡಿ ಕೊಳ್ಳುವಾಗ ಹಿಂದೆ ತಿರುಗಿಸಿ ಓದಿ. ಸೊಪ್ಪು, ಸುಮಾಕ್, ಎಳ್ಳು, ಉಪ್ಪು ಇಷ್ಟೇ ಇರಬೇಕು. ಅಗ್ಗದ್ದರಲ್ಲಿ ಗೋಧಿ ಹಿಟ್ಟು ಸೇರಿಸಿ ತೂಕ ಏರಿಸುತ್ತಾರೆ, ಸುಮಾಕ್ ಬದಲು ಸಿಟ್ರಿಕ್ ಆಸಿಡ್ ಹಾಕುತ್ತಾರೆ. ಎಳ್ಳಿನ ತಹೀನಿಗೂ ಇದೇ ಪರೀಕ್ಷೆ: ಎಳ್ಳು ಬಿಟ್ಟು ಬೇರೇನೂ ಇರಬಾರದು, ಎಣ್ಣೆ ಮೇಲೆ ನಿಂತಿದ್ದರೆ ಅದು ಒಳ್ಳೆಯ ಲಕ್ಷಣವೇ. ದಾಳಿಂಬೆ ರಸ ಕುದಿಸಿ ಗಟ್ಟಿ ಮಾಡಿದ ಸೀಸೆಯಲ್ಲಿ ಸಕ್ಕರೆ ಹಾಕಿದ್ದು, ಹಾಕದ್ದು ಎರಡೂ ಉಂಟು. ಹಾಕದ್ದನ್ನು ಆರಿಸಿ. ಹುಣಸೆಹಣ್ಣು ಮುಗಿದ ದಿನ ಬೆಂಡೆಕಾಯಿ ಗೊಜ್ಜಿಗೆ ಎರಡು ಚಮಚ ಹಾಕಿ ನೋಡಿ, ಬೆಲ್ಲ ಕಡಿಮೆ ಸಾಕಾಗುತ್ತದೆ.

ಆಲಿವ್ ಬಗ್ಗೆ ಜಗಳ ಬೇಡ. ತೆರೆದ ಬಕೆಟ್ಟುಗಳಲ್ಲಿ ಇಟ್ಟಿರುತ್ತಾರೆ, ರುಚಿ ನೋಡಬಹುದಾ ಅಂತ ಕೇಳಿದರೆ ಒಂದು ಕೊಡುತ್ತಾರೆ. ಒಡೆದ ಹಸಿರು ಆಲಿವ್ ಕಹಿ, ಕಪ್ಪು ಸುಕ್ಕಿನದು ಉಪ್ಪು. ಮಾವಿನಮಿಡಿ ಉಪ್ಪಿನಕಾಯಿ ತಿಂದು ಬೆಳೆದವರಿಗೆ ಹಸಿರೇ ಒಗ್ಗುತ್ತದೆ ಅಂತ ನನ್ನ ಲೆಕ್ಕ. ಗುಲಾಬಿ ಬಣ್ಣದ ಉಪ್ಪಿನಕಾಯಿ ಕಂಡರೆ ಬಣ್ಣ ಹಾಕಿದ್ದಾರೆ ಅಂದುಕೊಳ್ಳಬೇಡಿ. ಅದು ಟರ್ನಿಪ್ ಗೆಡ್ಡೆ, ಜೊತೆಗೆ ಒಂದು ಹೋಳು ಬೀಟ್‌ರೂಟ್.

ತೂಕದ ಕೌಂಟರು

ಇಲ್ಲಿ ಪೌಂಡ್ ಲೆಕ್ಕ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ, ನಾಲ್ಕು ಜನಕ್ಕೆ ಒಂದು ಪದಾರ್ಥ ಅರ್ಧ ಪೌಂಡ್ ಸಾಕು. ಎಲ್ಲವೂ ಚೆನ್ನಾಗಿ ಕಂಡು ಒಂದೊಂದು ಪೌಂಡ್ ಹೇಳಿದರೆ ಅಗ್ಗದ ಊಟ ದುಬಾರಿಯಾಗುವುದು ಇಲ್ಲೇ. ನಾನು ಹಮ್ಮಸ್ ಕೊಳ್ಳುವುದಿಲ್ಲ, ಮನೆಯಲ್ಲಿ ಮಿಕ್ಸಿ ಇದೆ, ಕಾಬೂಲಿ ಕಡಲೆ ಇದೆ, ತಹೀನಿ ಈಗ ತಾನೇ ತಗೊಂಡೆ. ಮನೆಯಲ್ಲಿ ಮಾಡಲು ರೇಜಿಗೆ ಅನ್ನಿಸುವುದಕ್ಕೆ ದುಡ್ಡು ಕೊಡಿ. ತಬ್ಬೂಲೆಗೆ ಪಾರ್ಸ್ಲಿಯನ್ನು ಅಷ್ಟು ಸಣ್ಣಗೆ ಹೆಚ್ಚುವ ತಾಳ್ಮೆ ನನಗಿಲ್ಲ. ಸುಟ್ಟ ಬದನೆಕಾಯಿಯ ಬಾಬಾ ಗನೂಶ್‌ಗೆ ಮನೆಯಲ್ಲಿ ಗ್ಯಾಸ್ ಒಲೆ ಬೇಕು, ನಮ್ಮದು ಕರೆಂಟಿನದು. ಮುಹಮ್ಮರ ಅಂತ ಕೆಂಪು ದೊಣ್ಣೆಮೆಣಸು ಮತ್ತು ವಾಲ್‌ನಟ್ ರುಬ್ಬಿದ ಚಟ್ನಿ ಇದ್ದರೆ ಕಾಲು ಪೌಂಡ್ ತಗೊಳ್ಳಿ, ದೋಸೆಗೂ ಆಗುತ್ತದೆ.

ಬಿಸಿ ತಟ್ಟೆಗಳಲ್ಲಿ ಮುಜದ್ದರ ಕಂಡರೆ ಬಿಡಬೇಡಿ. ಕಂದು ಮಸೂರ, ಅಕ್ಕಿ ಅಥವಾ ಬುಲ್ಗುರ್ ಜೊತೆಗೆ ಬೇಯಿಸಿ ಮೇಲೆ ಕರಿದ ಈರುಳ್ಳಿ ಹಾಕಿರುತ್ತಾರೆ. ಈರುಳ್ಳಿಯನ್ನು ಕಪ್ಪಗಾಗುವ ಅಂಚಿನವರೆಗೆ ಕರಿದಿದ್ದರೆ ಅಂಗಡಿ ಒಳ್ಳೆಯದು. ಮೆತ್ತಗೆ ಹಳದಿಯಾಗಿದ್ದರೆ ಮುಂದೆ ಹೋಗಿ. ಬೆಳಗಿನ ಹೊತ್ತು ಫೂಲ್ ಇರುತ್ತದೆ, ಬಾಕ್ಲಾ ಕಾಳನ್ನು (ಇಲ್ಲಿನ ಫಾವಾ ಬೀನ್ಸ್) ನಿಂಬೆ, ಬೆಳ್ಳುಳ್ಳಿ, ಎಣ್ಣೆಯಲ್ಲಿ ಕಲಸಿದ್ದು. ರಕ್ತದಲ್ಲಿ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇದೆ ಅಂತ ಡಾಕ್ಟರು ಹೇಳಿದವರು ಈ ಕಾಳು ಮುಟ್ಟಬಾರದು.

ಬಿಲ್ಲಿನ ವಿಷಯ: ಮಿಶಿಗನ್‌ನಲ್ಲಿ ಮಾರಾಟ ತೆರಿಗೆ 6 ಪರ್ಸೆಂಟ್. ದಿನಸಿಗೆ ಅದು ಇಲ್ಲ, ಬಿಸಿ ಊಟಕ್ಕೆ ಇದೆ. ದೊಡ್ಡ ಮೊತ್ತವಲ್ಲ, ಆದರೆ ಬಿಲ್ ನೋಡಿ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಕೂತು ತಿನ್ನುವುದು

ಕೆಲವು ಬೇಕರಿಗಳಲ್ಲಿ ನಾಲ್ಕೈದು ಮೇಜು ಇರುತ್ತವೆ, ಕೆಲವಲ್ಲಿ ಕಿಟಕಿಯ ಪಕ್ಕ ಒಂದು ಹಲಗೆ ಅಷ್ಟೇ. ಜಾಗ ಇಲ್ಲದಿದ್ದರೆ ಕಾರಿನ ಬಾನೆಟ್ಟಿನ ಮೇಲೆ ಇಟ್ಟು ತಿನ್ನುವವರಲ್ಲಿ ನೀವು ಮೊದಲಿಗರಲ್ಲ. ನಾಲ್ಕು ಜನಕ್ಕೆ ನಮ್ಮ ಲೆಕ್ಕ ಹೀಗೆ: ಮೂರು ಮನೂಶೆ, ನಾಲ್ಕು ಫತಾಯರ್, ಅರ್ಧ ಪೌಂಡ್ ತಬ್ಬೂಲೆ, ಲಬ್ನೆಯ ಒಂದು ಸಣ್ಣ ಡಬ್ಬಿ, ಕುಡಿಯಲು ಅಯ್ರಾನ್. ಅಯ್ರಾನ್ ಕುಡಿದು ನಮ್ಮತ್ತೆ ಹೇಳಿದ್ದು, ‘ಮಜ್ಜಿಗೆನೇ ಕಣಮ್ಮ ಇದು. ಇಂಗು, ಕರಿಬೇವು ಮರೆತಿದ್ದಾರೆ ಅಷ್ಟೇ.’ ರೊಟ್ಟಿಯಂಥ ಅವರ ಬಿಸಿ ಬ್ರೆಡ್ ಒಂದು ಚೀಲ ತಗೊಂಡು ಅದರಲ್ಲೇ ಎರಡು ಹರಿದು ಹಂಚಿಕೊಳ್ಳಿ. ಚಮಚ ಕೇಳಬೇಡಿ. ಬ್ರೆಡ್ಡಿನ ತುಂಡನ್ನೇ ಮಡಚಿ ಲಬ್ನೆ ಬಾಚುವುದು ನಮಗೆ ಕಲಿಸಬೇಕಾದ ವಿದ್ಯೆಯಲ್ಲ.

ರಂಜಾನ್ ತಿಂಗಳಲ್ಲಿ ಸಮಯ ಬದಲಾಗುತ್ತದೆ, ಫೋನ್ ಮಾಡಿ ಹೋಗಿ. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಪವಾಸ ಬಿಡಲು ಮನೆಗೆ ಓಡುತ್ತಿರುವವರ ಸಾಲಿನಲ್ಲಿ ನಿಂತು ‘ಇದರಲ್ಲಿ ಮೊಟ್ಟೆ ಇದೆಯಾ’ ಅಂತ ಒಂದೊಂದನ್ನೂ ವಿಚಾರಿಸುವ ಹೊತ್ತು ಅದಲ್ಲ.

ಉಳಿದ ಬ್ರೆಡ್ಡು: ಚೀಲ ಬಿಸಿಯಾಗಿದ್ದರೆ ಬಾಯಿ ಕಟ್ಟಬೇಡಿ, ಬೆವರಿ ಅಂಟಂಟಾಗುತ್ತದೆ. ತಣ್ಣಗಾದ ಮೇಲೆ ಅವತ್ತೇ ಫ್ರೀಜರಿಗೆ ಹಾಕಿ. ಹೊರಗೆ ಬಿಟ್ಟರೆ ಮಾರನೆಯ ದಿನಕ್ಕೇ ಗಟ್ಟಿ. ಗಟ್ಟಿಯಾದರೂ ನಷ್ಟವಿಲ್ಲ. ಅವರು ಹುರಿದು ಫತ್ತೂಶ್ ಸಾಲಡ್ಡಿಗೆ ಹಾಕುತ್ತಾರೆ. ನಾನು ಚೂರು ಮಾಡಿ ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆ ಕೊಟ್ಟು ಮೇಲೆ ನಿಂಬೆ ಹಿಂಡುತ್ತೇನೆ.

ಇನ್ನು ಸಿಹಿ. ಮೊಟ್ಟೆ ತಿನ್ನದವರಿಗೆ ಇದು ಸುಗ್ಗಿ. ರವೆ, ಮೊಸರು, ಪಾಕದ ನಮೂರಾ, ಅರಿಶಿನ ಹಾಕಿದ ಹಳದಿ ಸ್ಫೂಫ್, ಖರ್ಜೂರ ತುಂಬಿದ ಮಾಮೂಲ್, ಇವಕ್ಕೆಲ್ಲ ವಾಡಿಕೆಯಲ್ಲಿ ಮೊಟ್ಟೆ ಹಾಕುವುದಿಲ್ಲ. ಆದರೂ ಒಂದು ಮಾತು ಕೇಳಿಯೇ ತಗೊಳ್ಳಿ. ಬಕ್ಲಾವಾಕ್ಕೆ ನಾನು ವಾರನ್ ಅವೆನ್ಯೂ ಮೇಲೇ ಇರುವ ಶತೀಲಾಕ್ಕೆ ಹೋಗುತ್ತೇನೆ. 1979ರಿಂದ ಇದೆ, ಪಿಸ್ತಾ ಐಸ್‌ಕ್ರೀಂ ಕೂಡ ತಿಂದೇ ಬನ್ನಿ. ಊರಿಗೆ ಹೋಗುವಾಗ ಚಾಕೊಲೇಟ್ ಬದಲು ಬಕ್ಲಾವಾದ ಡಬ್ಬಿ ಒಯ್ಯಿರಿ. ಬಿಗಿಯಾಗಿ ಮುಚ್ಚಿಟ್ಟರೆ ಫ್ರಿಜ್ ಇಲ್ಲದೆಯೂ ಒಂದು ವಾರದ ಮೇಲೆ ಇರುತ್ತದೆ. ಆದರೆ ಕೌಂಟರಿನಲ್ಲಿ ಅಶ್ತಾ ಅಂತ ಕೆನೆ ತುಂಬಿದ್ದನ್ನು ತೋರಿಸಿ ಇದನ್ನೂ ಹಾಕಲಾ ಅಂದರೆ, ಆ ಡಬ್ಬಿಗೆ ಬೇಡ ಅನ್ನಿ. ಅದು ಕೆಂಪೇಗೌಡ ವಿಮಾನ ನಿಲ್ದಾಣ ತಲುಪುವ ಮುಂಚೆ ಹಳಸಿರುತ್ತದೆ. ಒಂದನ್ನು ಬೇರೆಯಾಗಿ ತಗೊಂಡು ಪಾರ್ಕಿಂಗಿನಲ್ಲೇ ಮುಗಿಸಿ.